ಕಪ್ಪು ಹಕ್ಕಳೆ

“ಕಂಕುಳು ನೋಡು, ತೊಡೆಸಂದು ನೋಡು, ಸೊಂಟದ ಸುತ್ತ ನೋಡು. ಒಂದಿಂಚೂ ಬಿಡಬೇಡ,” ಎಂದು ದನದ ಆಸ್ಪತ್ರೆಯ ಕಾಂಪೌಂಡರ್ ಮುಚ್ಚಿದ ಬಾಗಿಲಿನ ಆಚೆಯಿಂದ ಹೆಂಡತಿಗೆ ಗದರಿದ. ಒಳಗೆ ಅವನ ಅತ್ತೆ ಆರು ದಿನದ ಜ್ವರದಲ್ಲಿ ಕೆಂಡವಾಗಿ ಮಲಗಿದ್ದರು. ಇಬ್ಬರು ಡಾಕ್ಟರು ಬಂದು, ಹೊದಿಕೆಯ ಮೇಲಿಂದಲೇ ಸ್ಟೆತೊಸ್ಕೋಪ್ ಇಟ್ಟು ಗುಳಿಗೆ ಬರೆದು ಹೋಗಿದ್ದರು. ಬೆಳಿಗ್ಗೆ ನೀರಿನ ಲೋಟಕ್ಕೆ ಅತ್ತೆ ಚಾಚಿದ ಅಂಗೈಯಲ್ಲಿ ಕೆಂಪು ಚುಕ್ಕೆ ಕಂಡದ್ದೇ, ದಿನವೂ ದನಗಳ ಕಿವಿಯಿಂದ ಉಣುಗು ಕೀಳುವ ಕಾಂಪೌಂಡರನಿಗೆ ಅದರ ಕಡಿತದ ಗುಮಾನಿ ಹತ್ತಿತ್ತು.

“ಅಳಿಯಂದಿರ ಕಣ್ಣಿಗೆ ನಾನೇನು ಎಮ್ಮೆ ಥರ ಕಾಣ್ತೀನಾ?” ಒಳಗಿನಿಂದ ಬಡಕಲು ದನಿ ಬಂತು.

“ಎಮ್ಮೆ ಆಗಿದ್ರೆ ಮೊದಲನೇ ದಿನಾನೇ ನೋಡ್ತಿದ್ದೆ ಅತ್ತೆ. ಅದು ನಾಚ್ಕೊಳ್ಳಲ್ಲ.”

“ಸ್ವಲ್ಪ ಬಾಯ್ಮುಚ್ಕೊಂಡಿರ್ತೀರಾ,” ಎಂದಳು ಹೆಂಡತಿ. ಅವನು ಬಾಗಿಲಿಗೆ ಹಣೆ ಆನಿಸಿ ನಿಂತ.

“ರೀ, ಎದೆ ಕೆಳಗಡೆ ಏನೋ ಇದೆ. ಬೀಡಿ ತಾಗಿಸಿದ ಹಾಗೆ ಕಪ್ಪಗೆ ಹಕ್ಕಳೆ, ಸುತ್ತ ಕೆಂಪು.”

“ನೋಯುತ್ತಾ ಕೇಳು.”

“ನೋವಿಲ್ಲ,” ಎಂದರು ಅತ್ತೆಯೇ. “ವಾರದಿಂದ ಇದೆ. ಗಂಡಸು ಡಾಕ್ಟರಿಗೆ ಅದನ್ನೆಲ್ಲ ತೋರಿಸೋಕಾಗುತ್ತಾ?”

ಬಾಡಿಗೆ ಕಾರಿನಲ್ಲಿ ದಾರಿಯುದ್ದಕ್ಕೂ ಅತ್ತೆ ಕಣ್ಣು ಬಿಡಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅಂಗೈ ನೋಡಿದರು, ಪರದೆ ಎಳೆದು ಹಕ್ಕಳೆ ನೋಡಿದರು, ಕೂಡಲೇ ನರ್ಸನ್ನು ಕೂಗಿದರು. “ಉಣುಗು ಕಚ್ಚಿ ಬಂದ ಜ್ವರ. ರಕ್ತದ ರಿಪೋರ್ಟಿಗೆ ಕಾಯೋದು ಬೇಡ, ಔಷಧಿ ಈಗಲೇ ಶುರು ಮಾಡೋಣ. ಎರಡು ದಿನ ಕಳೆಯೋವರೆಗೂ ನಾನೇನೂ ಹೇಳಲ್ಲ. ಅಂದಹಾಗೆ ಇದನ್ನ ಗುರುತಿಸಿದ್ದು ಯಾರು?”

“ನಮ್ಮ ಮನೆಯವರು,” ಎಂದ ಹೆಂಡತಿ, ಬೆಂಚಿನ ಮೇಲೆ ಕೂತಿದ್ದ ಅವನ ಪಕ್ಕ ಕುಸಿದು, ಭುಜಕ್ಕೆ ತಲೆಯಾನಿಸಿದಳು. ಆರು ದಿನದಲ್ಲಿ ಮೊದಲ ಸಲ ಅವನು ಪೂರ್ತಿ ಉಸಿರೆಳೆದುಕೊಂಡ.

“ದನದ ಕೊಟ್ಟಿಗೆ, ಹುಲ್ಲುಗಾವಲು ಅಂತ ಎಲ್ಲಾದ್ರೂ ಓಡಾಡಿದ್ರಾ ಅಮ್ಮ?” ಡಾಕ್ಟರಮ್ಮ ಬಗ್ಗಿ ಕೇಳಿದರು.

ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು: “ಮಗಳ ಮನೆಗೆ ಬಂದು ತಿಂಗಳಾಯ್ತು, ಹೊಸ್ತಿಲು ದಾಟಿಲ್ಲ. ಸಂಜೆ ಅಳಿಯಂದಿರು ಬಿಚ್ಚಿಟ್ಟ ಬಟ್ಟೆ ಕೊಡವಿ ನೆನೆಹಾಕ್ತೀನಿ. ಅಷ್ಟೇ ನನ್ನ ಕೆಲಸ.”

ಕಾಂಪೌಂಡರ್ ತನ್ನ ಖಾಕಿ ಪ್ಯಾಂಟಿನ ಅಂಚಿನ ಮಡಿಕೆಯನ್ನೇ ನೋಡಿದ. ಆಮೇಲೆ ಭುಜಕ್ಕೊರಗಿದ್ದ ಹೆಂಡತಿಯ ತಲೆಯನ್ನು ಮೆಲ್ಲಗೆ ಸರಿಸಿ, ಬೆಂಚಿನ ಆ ತುದಿಗೆ ಹೋಗಿ ಕುಳಿತ.