ಅದಿರು ಕುಟ್ಟುವವರ ಪಟ

ಗೇಟಿನ ಮುಂದೆ ಬಿಳಿ ಜೀಪು ನಿಂತದ್ದೇ ತಡ, ನಂಜಣ್ಣ ಒಳಕ್ಕೆ ಓಡಿದ.

"ಬಂದೇಬುಟ್ರು ಕಣೇ! ಮೊದ್ಲು ಆ ಪಟ ಇಳ್ಸು."

ಹೆಂಡತಿ ಮಂಗಳಗೌರಿ ಸ್ಟೂಲು ಹುಡುಕುವಷ್ಟರಲ್ಲಿ ಬಂದವರು ಜಗಲಿ ಹತ್ತಿದ್ದರು.

ಪಟ ಮುತ್ತಾತನ ಕಾಲದಿಂದಲೂ ಮನೆಯಲ್ಲಿತ್ತು. ಗಂಡಸರು ಏನನ್ನೋ ಕುಟ್ಟುತ್ತಾರೆ, ಹೆಂಗಸರು ನೀರಿನಲ್ಲಿ ಜಾಲಿಸುತ್ತಾರೆ. ಧಾನ್ಯವೆಂದೇ ಮನೆಯವರು ನಂಬಿದ್ದರು. ಹೋದ ವಾರ ಮೈಸೂರಿನಿಂದ ಬಂದ ಚಿತ್ರಕಲೆಯ ವಿದ್ಯಾರ್ಥಿನಿ ಪೂಜಾ ಬೇರೆಯೇ ಹೇಳಿದಳು: ಚಿತ್ರ ಹದಿನೆಂಟನೇ ಶತಮಾನದ್ದು, ಕುಟ್ಟುತ್ತಿರುವುದು ಗಣಿಯಿಂದ ತೆಗೆದ ಅದಿರು, ಹಿಂದಿರುವುದು ನಿಮ್ಮ ಹೊಲದ ಗುಡ್ಡವೇ. ಅಂದಿನಿಂದ ನಂಜಣ್ಣನಿಗೆ ಅನ್ನ ಸೇರಿಲ್ಲ. ಗಣಿ ಇಲಾಖೆಗೆ ಸುದ್ದಿ ಮುಟ್ಟಿದರೆ ನಾಲ್ಕು ಎಕರೆಯೂ ಹೋದಂತೆಯೇ. ಆಮೇಲೆ ಮೂವತ್ತನಾಲ್ಕು ದಾಟಿದ ಮಗ ಕಾಂತರಾಜನಿಗೆ ಹೆಣ್ಣು ಕೊಡುವವರು ಯಾರು?

ಬಂದವರು ಗಂಡ ಹೆಂಡತಿಯಂತಿದ್ದರು. ಇಂಥವರೆಂದು ಹೇಳಿಕೊಳ್ಳಲಿಲ್ಲ. "ಈ ಕಡೆ ಬಂದಿದ್ವಿ, ಒಸಿ ನೀರು ಕುಡ್ಕೊಂಡು ಹೋಗಾನ ಅಂತ," ಎಂದರು. ಹೆಂಗಸು ಕೈ ತೊಳೆಯುವ ನೆಪದಲ್ಲಿ ಹಿತ್ತಲವರೆಗೂ ಕಣ್ಣಾಡಿಸಿ ಬಂದಳು.

"ಜಮೀನು ಎಷ್ಟೈತೆ? ಮಣ್ಣು ಎಂಗೆ?" ಗಂಡಸು ಕೇಳಿದ.

"ನಾಕೆಕ್ರೆ. ಬರೀ ಕಲ್ಲು ಸಾಮಿ. ಬೋರಲ್ಲಿ ತೊಟ್ಟು ನೀರಿಲ್ಲ."

ಎರಡಿಂಚು ನೀರು ಚಿಮ್ಮುವ ಬೋರನ್ನು ನಂಜಣ್ಣ ಬಾಯಲ್ಲೇ ಬತ್ತಿಸಿದ.

"ಹೊಗೆಸೊಪ್ಪು?"

"ಬುಡಿ ಸಾಮಿ, ಉಲ್ಲೂ ಬೆಳೆಯಾಕಿಲ್ಲ."

"ಈ ಪಟ?"

"ರಾಗಿ ಕುಟ್ಟೋದು. ಸಂತೇಲಿ ತಂದಿದ್ದು."

ಅವರು ಮುಖ ಮುಖ ನೋಡಿಕೊಂಡು, ಕಾಫಿ ಕುಡಿದು ಹೊರಟರು. ನಂಜಣ್ಣ ಮೀಸೆ ತಿರುವಿಕೊಂಡ. ಇಲಾಖೆಯನ್ನೇ ಯಾಮಾರಿಸಿದ ಖುಷಿಗೆ ಎರಡು ಮುದ್ದೆ ಹೆಚ್ಚಿಗೆ ಇಳಿಯಿತು.

ಸಂಜೆ ಮದುವೆ ದಲ್ಲಾಳಿ ಚನ್ನಬಸವಣ್ಣ ಓಡಿಬಂದ. "ನಂಜಣ್ಣೋರೆ, ಬೆಳಗ್ಗೆ ಬಂದಿದ್ದು ಪಿರಿಯಾಪಟ್ಟಣದ ಹೆಣ್ಣಿನ ಅಪ್ಪ ಅಮ್ಮ ಕಣ್ರೀ! ಹೇಳ್ದೆ ಕೇಳ್ದೆ ಬಂದು ಮನೆ ನೋಡೋದು ಅವರ ಪದ್ಧತಿ."

ನಂಜಣ್ಣ ಕುಸಿದು ಕೂತ. "ಅಯ್ಯೋ ಶಿವನೇ! ಬ್ಯಾಡ ಅಂದ್ರಾ?"

"ಯಾಕಂದಾರು? ಇದಕ್ಕೆ ಮುಂಚೆ ನೋಡಿದ ಆರು ಮನೇಲೂ ಬರೀ ಬುರುಡೆ ಕೇಳಿ ಬೇಸತ್ತಿದ್ರಂತೆ. ಇದ್ದಿದ್ದು ಇದ್ದಂಗೆ ಹೇಳ್ದೋರು ನೀವೊಬ್ರೇ ಅಂತೆ. ಒಪ್ಪವ್ರೆ!"

ಹೋದ ಜೀವ ಬಂದಂತಾಯಿತು. ಮಂಗಳಗೌರಿ ಸಕ್ಕರೆ ತರಲು ಎದ್ದಳು.

"ಆದ್ರೆ ಒಂದು ಮಾತು," ಚನ್ನಬಸವಣ್ಣ ತಡವರಿಸಿದ. "ಉಲ್ಲೂ ಬೆಳೆಯದ ಕಲ್ಲಲ್ಲಿ ಹುಡುಗ ಯಾಕೆ ಒದ್ದಾಡ್ಬೇಕು ಅಂತಾರೆ. ಒಬ್ಳೇ ಮಗಳು, ಹನ್ನೆರಡು ಎಕರೆ ಗದ್ದೆ. ಮನೆ ಅಳಿಯ ಆಗಿ ಬಂದುಬುಡ್ಲಿ ಅಂದವ್ರೆ."

"ಇರೋನೊಬ್ಬ ಮಗನ್ನ ಕಳಿಸಾದಾ? ಆಗಾಕಿಲ್ಲ!" ನಂಜಣ್ಣ ಸಿಡಿದೆದ್ದ. "ಲೋ ಕಾಂತರಾಜ, ಬಾರ್ಲಾ ಇಲ್ಲಿ!"

ಒಳಕೋಣೆಯಲ್ಲಿ ಕಾಂತರಾಜ ಫೋನು ಹಿಡಿದು ಮೆಲ್ಲಗೆ ಹೇಳುತ್ತಿದ್ದ: "ಆಯ್ತು ಮಾವ, ನಾಳೆನೇ ಬತ್ತೀನಿ."