ಥ್ಯಾಂಕ್ಸ್‌ಗೆ ಜಪಾನಿನ ಮಾತು

ಜೀಪು ಹೊರಡುವುದರೊಳಗೆ ಆ ಮಾತು ತನ್ನ ಬಾಯಿಗೆ ಬರಲೇಬೇಕೆಂದು ಮುನಿಗಂಗಮ್ಮ ಬೆಳಗಿನಿಂದ ಹಟ ಹಿಡಿದಿದ್ದಳು. ಕೆಂಚಾರ್ಲಹಳ್ಳಿಯ ರೇಷ್ಮೆಹುಳುಗಳಿಗೆ ಏನು ಕಾಯಿಲೆಯೆಂದು ನೋಡಲು ಬಂದಿದ್ದ ಜಪಾನಿನ ಹೋಶಿನೋ ಅವರು ಅಂದು ಊರಿಗೆ ಮರಳುವವರಿದ್ದರು. ಮೂರು ಬೆಳೆಯನ್ನು ಸಾಲಾಗಿ ತಿಪ್ಪೆಗೆ ಸುರಿದಿದ್ದವಳು ಅವರು ಹೇಳಿದಂತೆ ತಟ್ಟೆಗಳನ್ನೆಲ್ಲ ಔಷಧಿ ನೀರಿನಲ್ಲಿ ತೊಳೆದಳು, ಗೋಡೆಗೆ ಸುಣ್ಣ ಬಳಿದಳು. ನಾಲ್ಕನೆಯ ಬೆಳೆಗೆ ಮನೆ ತುಂಬ ಗೂಡು.

"ಇಂಗ್ಲಿಷ್‌ನಲ್ಲಿ ಥ್ಯಾಂಕ್ಸ್ ಅನ್ನಮ್ಮ, ಸಾಕು. ಅವ್ರಿಗೆ ಗೊತ್ತಾಗ್ತದೆ" ಎಂದ ರೇಷ್ಮೆ ಇಲಾಖೆಯ ಆವುಲಪ್ಪ. ಮೂರು ತಿಂಗಳಿಂದ ಅವರ ದುಭಾಷಿಯಾಗಿ ಊರೂರು ಸುತ್ತಿದವನು ಅವನು. ಮುನಿಗಂಗಮ್ಮ ಒಪ್ಪುವವಳೇ? ಅದು ಅವರದೂ ಅಲ್ಲ, ತನ್ನದೂ ಅಲ್ಲ, ಅವರ ಮನೆಮಾತೇ ಬೇಕು ಎಂದಳು. ಅವನು ಹೇಳಿಕೊಟ್ಟ: ಅರಿಗಾತೋ. ಅರ್ಥವನ್ನೂ ಕೇಳಿದಳು.

"ಇಂಥದ್ದು ಆಗೋದು ಕಷ್ಟ, ಅಪರೂಪ ಅಂತಂತೆ."

ಮೂರು ಬೆಳೆ ಕಳಕೊಂಡವಳಿಗೆ ಇದಕ್ಕಿಂತ ಸರಿಯಾದ ಮಾತು ಯಾವ ಭಾಷೆಯಲ್ಲಿದ್ದೀತು? ಹೊಸ ಮರಿಗಳಿಗೆ ಸೊಪ್ಪು ಹಾಕುತ್ತಾ ಅದನ್ನೇ ನೂರು ಸಲ ಹೇಳಿಕೊಂಡಳು.

ಒಂದು ಮಾತ್ರ ಮನಸ್ಸನ್ನು ಕೊರೆಯುತ್ತಿತ್ತು. ಅವರು ಮೊದಲ ದಿನ ಬಂದಾಗ, ಹೊರಗಿನವರ ಕಣ್ಣು ಬಿದ್ದೀತೆಂದು ಹೆದರಿ, ಹುಳದ ಮನೆಯ ಬಾಗಿಲನ್ನು ಅವರ ಮುಖಕ್ಕೇ ಹಾಕಿಬಿಟ್ಟಿದ್ದಳು. ಸಮುದ್ರ ದಾಟಿ ಬಂದ ಮನುಷ್ಯ ಅಂಗಳದ ಕಲ್ಲಿನ ಮೇಲೆ ಕೂತು, ಅವಳು ತಂದು ತೋರಿಸಿದ ಸತ್ತ ಹುಳುಗಳನ್ನು ನೋಡಿಯೇ ಪಾಠ ಹೇಳಿ ಹೋಗಿದ್ದರು.

ಜೀಪು ಬಂತು. ಮುನಿಗಂಗಮ್ಮ ಕೈಮುಗಿದು "ಅರಿಗಾತೋ" ಎಂದಳು. ಒಂದಕ್ಷರವೂ ತಪ್ಪಲಿಲ್ಲ. ಹೋಶಿನೋ ಸೊಂಟ ಬಗ್ಗಿಸಿ ವಂದಿಸಿದರು. ಅದರಿಂದ ಅವಳಿಗೆ ಧೈರ್ಯ ಬಂತು.

"ಅವತ್ತು ಬಾಗ್ಲು ಹಾಕ್ಬಿಟ್ಟೆ, ತಪ್ಪು ತಿಳ್ಕೋಬೇಡಿ ಅಂತ ಹೇಳಪ್ಪ."

ಆವುಲಪ್ಪ ಹೇಳಿದ. ಹೋಶಿನೋ ಅವಳತ್ತ ತಿರುಗಿ, ಅವಳು ಆಡಿದ್ದ ಅದೇ ಮಾತನ್ನು ಅವಳಿಗೆ ಆಡಿದರು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಏನೋ ಹೇಳಿ ಜೀಪು ಹತ್ತಿದರು. ಆವುಲಪ್ಪ ಅದನ್ನು ಮುನಿಗಂಗಮ್ಮನಿಗೆ ಕನ್ನಡದಲ್ಲಿ ಹೇಳಿದ.

"ಕಾಯಿಲೆ ಕಾಲಿನ ಧೂಳಲ್ಲೇ ಒಳಕ್ಕೆ ಹೋಗ್ತದಂತೆ ಕಣಮ್ಮ. ಎಲ್ಲಾ ಊರಲ್ಲೂ ದೊಡ್ಡೋರು ಅಂತ ಇವರನ್ನ ಬೂಟ್ಸು ಸಮೇತ ಹುಳದ ಮನೆಗೆ ಕರ್ಕೊಂಡು ಹೋದರಂತೆ. ಹುಳ ಉಳೀಲಿ ಅಂತ ಇವರ ಮುಖಕ್ಕೆ ಬಾಗ್ಲು ಹಾಕಿದೋರು ಇಲ್ಲೀತನಕ ಇಬ್ಬರೇ ಅಂತೆ. ಒಬ್ಬರು ಜಪಾನಲ್ಲಿ ಹುಳ ಸಾಕ್ತಿದ್ದ ಇವರ ತಾಯಿ."