ಸವತಿ ತರುವ ಕೆಲಸ

ಪತ್ರಿಕೆಯ ಹಳೆಯ ಸುದ್ದಿಯೆಲ್ಲ ಅಲ್ಲಿನ ಗ್ರಂಥಪಾಲಕಿಯಾದ ಅವಳ ನೆನಪಿನಲ್ಲಿತ್ತು. ಅದನ್ನು ಎಲ್ಲರೂ ಹುಡುಕಿಕೊಳ್ಳುವಂತೆ ಸಾಫ್ಟ್‌ವೇರ್‌ಗೆ ತುಂಬಿಸಿದರೆ ಅವಳ ಹುದ್ದೆ ಹೋಗುತ್ತದೆ. ಮೂರು ಸಾಫ್ಟ್‌ವೇರ್‌ಗಳಲ್ಲಿ ಒಂದನ್ನು ಆರಿಸುವ ಕೆಲಸವೂ ಅವಳಿಗೇ ಬಿತ್ತು.

“ಸವತೀನ ನೀನೇ ನೋಡಿ ತರೋ ಹಾಗಾಯ್ತಲ್ಲೇ,” ಎಂದಳು ಪಕ್ಕದ ಮೇಜಿನ ಗೆಳತಿ.

“ಏನ್ ಮಾಡೋದು, ಸಾಕಾಗಿದೆ ಕಣೇ.”

ನೋಡಿ ನೋಡಿ ಬಳಲಿ, ಕೊನೆಗೊಂದನ್ನು ಆರಿಸಿದಳು.

ಎಲ್ಲ ತುಂಬಿಸಿ ಮುಗಿದ ದಿನ ಸಂಪಾದಕರು ಹಳೆಯ ಸೇತುವೆ ಕುಸಿದ ವರ್ಷವನ್ನು ಅದರಲ್ಲಿ ಹುಡುಕಿದರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅವರ ಕಾಫಿ ಆರಿತು.

“ನೀವೇ ಹೇಳಿಬಿಡಿ ಮೇಡಂ. ಇದು ಸರಿಹೋಗೋವರೆಗೂ ನೀವೇ ಇರಿ.”

ಅವರು ಹೋದ ಮೇಲೆ ಗೆಳತಿ ಪಿಸುಗುಟ್ಟಿದಳು: “ಮೂರರಲ್ಲಿ ಒಳ್ಳೇದು ಇದೇನಾ?”

“ಸವತಿ ಹುಡುಕೋಕೆ ನನ್ನನ್ನೇ ಕಳಿಸಿದ್ರೆ ರೂಪವತೀನ ತರ್ತೀನೇನೇ?”